ಹೊಸಮಳೆ ಗೋಲ್ಡ್

ಕೊರೊನಾ ಬಂದು ಹೋದಮೇಲೆ ಜಯಪ್ರಕಾಶನಿಗೆ ಮೂಗು ಉಳಿದಿದ್ದು ಕನ್ನಡಕ ಕೂರಿಸುವುದಕ್ಕೆ ಮಾತ್ರ. ಮದ್ದೂರು ಬಸ್ ಸ್ಟಾಂಡಿನ ಹಿಂದಿನ ರಸ್ತೆಯಲ್ಲಿ ಅವನದು ಗೊಬ್ಬರ, ಔಷಧಿ, ಬಿತ್ತನೆ ಬೀಜದ ಅಂಗಡಿ. ಕಾಲಿಟ್ಟವರ ಕಣ್ಣಲ್ಲಿ ನೀರು ಬರುವಂಥ ಔಷಧಿ ನಾತ. ಅದರ ನಡುವೆ ಕೂತು ಅವನು ನೆಮ್ಮದಿಯಾಗಿ ಇಡ್ಲಿ ತಿನ್ನುತ್ತಿದ್ದ. "ದೇವ್ರು ಮೂಗು ಕಿತ್ಕೊಂಡಿದ್ದು ವ್ಯಾಪಾರಕ್ಕೆ ಒಳ್ಳೇದೇ ಆಯ್ತು" ಎಂದು ಬಂದವರ ಹತ್ತಿರ ಹೇಳುತ್ತಿದ್ದ.

ಅವನನ್ನು ಸುಳ್ಳುಗಾರ ಎನ್ನುವ ಹಾಗಿರಲಿಲ್ಲ. ಯಾವ ಔಷಧಿಯನ್ನೇ ಆಗಲಿ, ಅದು ಕೆಲಸ ಮಾಡುತ್ತದೆಂದು ಮೊದಲು ತಾನು ನಂಬಿ, ಆಮೇಲೆ ಮಾರುತ್ತಿದ್ದ. ನಂಬುವುದು ಮಾತ್ರ ಅವನಿಗೆ ಬಲು ಸಲೀಸಾಗಿತ್ತು. ಡಬ್ಬಿ ಚೆನ್ನಾಗಿದ್ದರೆ ಸಾಕು, ನಂಬಿಬಿಡುತ್ತಿದ್ದ.

ಅವನ ಅಕ್ಕ ಮಂಗಳಮ್ಮನನ್ನು ದುದ್ದಕ್ಕೆ ಕೊಟ್ಟಿದ್ದರು. ಅವಳ ಗಂಡ ದೇವರಾಜು ರೇಷ್ಮೆ ಬೆಳೆಯುವವನು. ಮನೆ ಹಿಂದೆ ಹಿಪ್ಪುನೇರಳೆ ತೋಟ, ಪಕ್ಕದಲ್ಲೇ ಹುಳುಮನೆ. ಮಗಳು ರಂಜಿತ ಮಂಡ್ಯದ ಹಾಸ್ಟೆಲಿನಲ್ಲಿದ್ದುಕೊಂಡು ಮಣ್ಣಿನೊಳಗಿನ ಸೂಕ್ಷ್ಮಜೀವಿಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದಳು. "ನಮ್ಮುಡುಗಿ ಡಾಕ್ಟ್ರಾಯ್ತಾಳೆ" ಎಂದು ಮಂಗಳಮ್ಮ ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು. ಮನುಷ್ಯರಿಗಲ್ಲ, ದನಕ್ಕೂ ಅಲ್ಲ, ಮಣ್ಣಿಗೆ ಡಾಕ್ಟರು ಎಂದು ಗೊತ್ತಾದವರು ಪಾಪ ಎಂದು ಸುಮ್ಮನಾಗುತ್ತಿದ್ದರು.

ಒಂದು ಭಾನುವಾರ ಜಯಪ್ರಕಾಶ ಅಕ್ಕನ ಮನೆಗೆ ಊಟಕ್ಕೆ ಬಂದಿದ್ದ. ನಾಟಿಕೋಳಿ ಸಾರು, ಮುದ್ದೆ. ದೇವರಾಜು ತೋಟದಿಂದ ಒಂದು ಹಿಪ್ಪುನೇರಳೆ ಗಿಡವನ್ನು ಬೇರುಸಮೇತ ಕಿತ್ತು ತಂದು ಭಾವಮೈದುನನ ಎಲೆಯ ಪಕ್ಕವೇ ಇಟ್ಟ. ಬೇರಿನ ತುಂಬ ಸಣ್ಣ ಸಣ್ಣ ಗಂಟು.

"ನೋಡ್ಲಾ, ಅರ್ಧ ತೋಟ ಇಂಗೇ ಆಗ್ಬುಟ್ಟದೆ. ಸೊಪ್ಪು ಹಳದಿ ತಿರುಗ್ತಾ ಅದೆ. ನಿನ್ನಂಗಡೀಲಿ ಏನಾರ ಇದ್ರೆ ಕೊಡು."

"ಗಂಟುಬೇರು ರೋಗ ಭಾವ. ಅದಕ್ಕೆ ಹಾಕಿದ್ದೆಲ್ಲ ಮಣ್ಣುಪಾಲು" ಎಂದ ಜಯಪ್ರಕಾಶ. ತನ್ನ ಮನೆಯವರ ಹತ್ತಿರ ಅವನು ನಿಜ ಹೇಳುತ್ತಿದ್ದ. ಆಮೇಲೆ ಅಕ್ಕನ ಮಗಳ ಕಡೆ ತಿರುಗಿದ. "ನೀನು ಓದ್ತಿರೋದು ಇದೇ ಅಲ್ವೇನಮ್ಮ?"

"ಇದಲ್ಲ ಮಾವ. ಇದು ಬೇರಿನೊಳಗೆ ನುಗ್ಗಿ ರಸ ಹೀರೋ ಹುಳ. ನಾನು ನೋಡ್ತಿರೋದು ಇದರ ದಾಯಾದಿಗಳನ್ನ, ಬ್ಯಾಕ್ಟೀರಿಯಾ ತಿಂದು ಬದುಕೋ ಹುಳಗಳನ್ನ" ಎಂದಳು ರಂಜಿತ. ಮನೆಯಲ್ಲಿ ಯಾರೂ ಅಲ್ಲಿಯತನಕ ಅವಳ ಓದಿನ ಬಗ್ಗೆ ಕೇಳಿರಲಿಲ್ಲ. ಅವಳಿಗೆ ಉತ್ಸಾಹ ಬಂತು. "ಹೊಸ ಮಳೆ ಬಿದ್ದಾಗ ಮಣ್ಣು ಘಮ್ ಅನ್ನುತ್ತಲ್ಲ ಮಾವ? ಆ ವಾಸನೆ ಮಣ್ಣಿಂದಲ್ಲ. ಮಣ್ಣಲ್ಲಿರೋ ಒಂದು ಜಾತಿ ಬ್ಯಾಕ್ಟೀರಿಯಾ ಬಿಡೋದು. ಅದರ ಮೈಯಲ್ಲಿ ವಿಷ ಇರುತ್ತೆ. ನನ್ನ ತಿಂದ್ರೆ ನೀನೂ ಸಾಯ್ತೀಯ ಅಂತ ಹುಳಕ್ಕೆ ಮೊದಲೇ ಎಚ್ಚರಿಕೆ ಕೊಡೋಕೆ ಆ ವಾಸನೆ. ಹುಳ ಹತ್ರ ಬರುತ್ತೆ, ವಾಸನೆ ಗೊತ್ತಾಗುತ್ತೆ, ಹಂಗೇ ತಿರುಗಿಕೊಂಡು ಹೋಗುತ್ತೆ. ನಾನೇ ಕಣ್ಣಾರೆ ನೋಡಿದ್ದೀನಿ."

ಜಯಪ್ರಕಾಶ ತುತ್ತು ಬಾಯಿಗೆ ಇಡುವುದನ್ನು ನಿಲ್ಲಿಸಿದ. "ತಿರುಗಿಕೊಂಡು ಹೋಗುತ್ತಾ?"

"ಹೋಗುತ್ತೆ. ಆದ್ರೆ ಮಾವ..."

ಮಾವ ಕೈ ತೊಳೆಯಲು ಎದ್ದುಬಿಟ್ಟಿದ್ದ. ಕೋಳಿಯ ತೊಡೆ ಎಲೆಯಲ್ಲೇ ಉಳಿದಿತ್ತು. ತಮ್ಮ ಊಟ ಬಿಟ್ಟು ಎದ್ದಿದ್ದನ್ನು ಮಂಗಳಮ್ಮ ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಮರುದಿನವೇ ಅವನು ಮಂಡ್ಯಕ್ಕೆ ಹೋಗಿ ಕಾಲೇಜಿನ ಗೇಟಿನ ಹತ್ತಿರ ರಂಜಿತಳನ್ನು ಹಿಡಿದ. ಆ ಬ್ಯಾಕ್ಟೀರಿಯಾದ ಬಿತ್ತನೆ ಬೀಜ ಒಂದು ಬಾಟಲಿ ಕೊಡು ಎಂದ. ಅದು ಹಾಗೆಲ್ಲ ಹೊರಗೆ ಕೊಡುವಂಥದ್ದಲ್ಲ ಎಂದು ಅವಳು ಹೇಳಿದಳು. ಅದಕ್ಕೆ ಅವನಿಗೇನೂ ಬೇಜಾರಾಗಲಿಲ್ಲ. ಪೇಟೆಬೀದಿಯ ಕಡೆ ನಡೆದ.

ಮಸೀದಿಯ ಹತ್ತಿರ ನಜೀರ್ ಅಹ್ಮದ್ ಅವರ ಅತ್ತರಿನ ಅಂಗಡಿ. ಗಡ್ಡ ನರೆತ, ಮೆಲುಮಾತಿನ ಹಿರಿಯರು. ಹೊಸ ಮಳೆಯ ವಾಸನೆಯದು ಏನಾದರೂ ಇದೆಯೇ ಎಂದು ಜಯಪ್ರಕಾಶ ಕೇಳಿದಾಗ ಅವರ ಮುಖ ಅರಳಿತು. ಒಳಗಿಂದ ಒಂದು ಪುಟ್ಟ ಸೀಸೆ ತಂದು ಮುಚ್ಚಳ ತೆಗೆದರು.

"ಮಿಟ್ಟಿ ಅತ್ತರು. ಉತ್ತರದ ಕಡೆ ಮಣ್ಣನ್ನ ಸುಟ್ಟು, ಬೇಯಿಸಿ, ಅದರ ಹಬೆ ಹಿಡಿದು ಮಾಡ್ತಾರೆ. ನೋಡಿ, ಹೆಂಗದೆ?"

ಜಯಪ್ರಕಾಶ ಸೀಸೆಯನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, "ಆಹಾ" ಎಂದ. ಅವನಿಗೆ ಗೊತ್ತಾಗಿದ್ದು ಗಾಜು ತಣ್ಣಗಿದೆ ಎನ್ನುವುದಷ್ಟೆ.

"ನಮಗೆ ಜಾಸ್ತಿ ಬೇಕು ಸಾಹೇಬ್ರೆ. ಕ್ಯಾನಲ್ಲಿ."

"ಕ್ಯಾನಲ್ಲಾ? ಒಂದು ಹನಿ ಮುಂಗೈಗೆ ಹಚ್ಚಿದ್ರೆ ಸಂಜೆವರೆಗೂ ಬರುತ್ತೆ. ಇದು ಕ್ಯಾನಲ್ಲಿ ತಗೊಂಡು ಹೋಗೋ ಸಾಮಾನಲ್ಲ."

"ಊದುಬತ್ತಿ ಮಾಡ್ತೀವಿ."

ಅಷ್ಟೊಂದು ಬೇಕಾದರೆ ಅಸಲಿಯಲ್ಲ, ಊದುಬತ್ತಿಯವರು ಹಾಕುವ ಅದೇ ಪರಿಮಳದ ಎಣ್ಣೆ ತರಿಸಿಕೊಡುತ್ತೇನೆ ಎಂದು ನಜೀರ್ ಅಹ್ಮದ್ ಒಪ್ಪಿಕೊಂಡರು. ಮುಂದೆ ಒಮ್ಮೆ, ನಿಮ್ಮ ಊದುಬತ್ತಿ ಎಲ್ಲಿ ಸಿಗುತ್ತೆ, ನಮ್ಮ ಮನೆಯವರು ಕೇಳ್ತಿದ್ದಾರೆ ಎಂದಾಗ, ಜಯಪ್ರಕಾಶ ಯಾವುದೋ ಊದುಬತ್ತಿ ಕೊಂಡು ಪೊಟ್ಟಣ ಬದಲಾಯಿಸಿ ತಂದುಕೊಡಬೇಕಾಯಿತು. ಅದರಲ್ಲಿ ಮಲ್ಲಿಗೆ ವಾಸನೆ ಬಂತು. ನಜೀರ್ ಅಹ್ಮದ್ ಅವರ ಹೆಂಡತಿ ಹಾಜಿರಾ ಬೀ ಬಹಳ ಚೆನ್ನಾಗಿದೆ ಎಂದರಂತೆ.

ಅಂಗಡಿ ಹಿಂದಿನ ಗೋಡೌನಿನಲ್ಲಿ ಡ್ರಮ್ಮಿಗೆ ನೀರು ತುಂಬಿ, ಎಣ್ಣೆ ನೀರಿಗೆ ಸೇರಲೆಂದು ಸೋಪಿನ ದ್ರಾವಣ ಹಾಕಿ, ಅತ್ತರಿನ ಎಣ್ಣೆ ಸುರಿದು ಕೋಲಿನಿಂದ ತಿರುಗಿಸಿದ. ಬ್ಯಾಕ್ಟೀರಿಯಾ ಮಾತ್ರ ಇರಲಿಲ್ಲ. ಹುಳ ಹೆದರುವುದು ವಾಸನೆಗೆ ತಾನೇ, ಒಳಗೆ ಯಾರಿದ್ದಾರೆ ಎಂದು ಅದು ಬಂದು ನೋಡುತ್ತದೆಯೇ ಎಂದು ತನಗೆ ತಾನೇ ಕೇಳಿಕೊಂಡ. ಇಲ್ಲ ಎಂಬ ಉತ್ತರ ಬಂತು. ನಂಬಿದ. ಬಾಟಲಿಗೆ ತುಂಬಿ 'ಹೊಸಮಳೆ ಗೋಲ್ಡ್' ಎಂದು ಹೆಸರಿಟ್ಟ. ಗೋಲ್ಡ್ ಎಂದು ಇಲ್ಲದಿದ್ದರೆ ಮಂಡ್ಯ ಜಿಲ್ಲೆಯಲ್ಲಿ ಯಾವ ಔಷಧಿಯೂ ಹೋಗುವುದಿಲ್ಲ. ಕೆಳಗೆ, 'ಹುಳ ಓಡುತ್ತೆ, ಬೇರು ಹಾಡುತ್ತೆ.'

ಬಾಟಲಿ ಹೋದ ವೇಗಕ್ಕೆ ಅವನಿಗೇ ದಿಗಿಲಾಯಿತು. ಏನೂ ವಿವರಿಸಬೇಕಾಗಿರಲಿಲ್ಲ. ಮುಚ್ಚಳ ತೆಗೆದು ರೈತನ ಕೈಗೆ ಕೊಡುವುದು. ರೈತ ಮೂಸುತ್ತಿದ್ದ. ಆಮೇಲೆ, "ನಮ್ಮಪ್ಪ ಉಳೋವಾಗ ಇಂಗೇ ಬರೋದು ಕಣಪ್ಪ" ಎಂದು ಬಾಟಲಿಯನ್ನು ಎದೆಗೊತ್ತಿಕೊಂಡು ಹೋಗುತ್ತಿದ್ದ. ಒಬ್ಬರು ಹಿರಿಯರಂತೂ ಅಂಗಡಿಯಲ್ಲೇ ಕಣ್ಣೊರೆಸಿಕೊಂಡರು. ಅವರಿಗೆ ಹಿಪ್ಪುನೇರಳೆ ತೋಟವೂ ಇರಲಿಲ್ಲ, ಮಗನ ಜೊತೆ ಬಾಡಿಗೆ ಮನೆಯಲ್ಲಿದ್ದರು. ಆದರೂ ಒಂದು ತೆಗೆದುಕೊಂಡರು.

ರಂಜಿತಳಿಗೆ ವಿಷಯ ತಿಳಿದದ್ದು ಮದ್ದೂರಿನಲ್ಲಿ ಬಸ್ಸಿನಿಂದ ಇಳಿದಾಗ. ಎದುರಿಗೆ ಫ್ಲೆಕ್ಸು. ಅದರಲ್ಲಿ ಅವಳೇ. ಪದವಿ ಪಡೆದ ದಿನದ ಫೋಟೋ, ಕರಿ ಗೌನು, ಟೋಪಿ. 'ನಮ್ಮ ಮಣ್ಣಿನ ಮಗಳು, ವಿಜ್ಞಾನಿ ಡಾ. ರಂಜಿತ ಅವರ ಸಂಶೋಧನೆ.' ಇನ್ನೂ ಆಗದ ಡಾಕ್ಟರಿಕೆಯನ್ನು ಮಾವ ಕೊಟ್ಟೇಬಿಟ್ಟಿದ್ದ.

ಅವಳು ಅಂಗಡಿಗೆ ಹೋದಾಗ ಗಿರಾಕಿಗಳಿದ್ದರು. "ಬಂದ್ರು ನೋಡಿ, ಇವರೇ" ಎಂದು ಜಯಪ್ರಕಾಶ ಪರಿಚಯ ಮಾಡಿಕೊಟ್ಟ. ಒಬ್ಬರು ಕೈ ಮುಗಿದರು. ಅವಳು ಮಾವನನ್ನು ಗೋಡೌನಿಗೆ ಎಳೆದುಕೊಂಡು ಹೋದಳು.

"ಇದರೊಳಗೆ ಏನು ಹಾಕಿದ್ದೀಯ ಮಾವ?"

"ವಾಸ್ನೆ."

"ಬರೀ ವಾಸನೆನಾ? ಮನೆ ಮುಂದೆ 'ನಾಯಿ ಇದೆ ಎಚ್ಚರಿಕೆ' ಅಂತ ಬೋರ್ಡು ನೇತಾಕಿ ನಾಯಿನೇ ಸಾಕದೇ ಇದ್ದಂಗಾಯ್ತು ಇದು."

"ಮದ್ದೂರಲ್ಲಿ ಅರ್ಧ ಜನ ಹಂಗೇ ಮಾಡಿರೋದು ಕಣಮ್ಮ. ಯಾರ ಮನೆಗೆ ಕಳ್ಳ ಬಂದವ್ನೆ?"

ರಂಜಿತ ಮತ್ತೆ ಶುರುಮಾಡಿದಳು. "ಸರಿ, ಬೋರ್ಡೇ ಸಾಕು ಅಂದ್ಕೋ. ಅದನ್ನ ಬರೆದಿರೋದು ಯಾವ ಕಳ್ಳನಿಗೆ? ಬ್ಯಾಕ್ಟೀರಿಯಾ ತಿನ್ನೋ ಹುಳಕ್ಕೆ. ಹಿಪ್ಪುನೇರಳೆ ಬೇರಿಗೆ ನುಗ್ಗೋ ಹುಳ ಬ್ಯಾಕ್ಟೀರಿಯಾ ತಿನ್ನೋದೇ ಇಲ್ಲ ಮಾವ. ಅದಕ್ಕೆ ಈ ವಾಸನೆ ಕಟ್ಟಿಕೊಂಡು ಏನಾಗಬೇಕು?"

"ಏನೂ ಆಗಲ್ಲ ಅಂತ ಪ್ರೂವ್ ಆಗಿದ್ಯಾ?"

ಅವಳು ತಡವರಿಸಿದಳು. "ಅದನ್ನ ಯಾರೂ ಸರಿಯಾಗಿ ಪರೀಕ್ಷೆ ಮಾಡಿದ ಹಾಗಿಲ್ಲ."

"ಅಂದ್ರೆ ಕೆಲ್ಸ ಮಾಡಲ್ಲ ಅಂತ ನೀನೂ ಹೇಳಂಗಿಲ್ಲ" ಎಂದು ಜಯಪ್ರಕಾಶ ಸಂತೋಷದಿಂದ ಅವಳ ಭುಜ ತಟ್ಟಿದ. "ನೋಡು, ಮಳವಳ್ಳೀಲಿ ಒಂದು ರೈತರ ಸಭೆ ಇಟ್ಕೊಂಡಿದ್ದೀನಿ. ನೀನು ಬಾ. ನಿನ್ನ ಮನಸಲ್ಲಿ ಇರೋದನ್ನೆಲ್ಲ ಮೈಕಲ್ಲಿ ಹೇಳು. ನಾನು ತಡೆಯಲ್ಲ, ನಿಮ್ಮವ್ವನ ಆಣೆ."

ಹಾಸ್ಟೆಲಿಗೆ ಹೋಗಿ ಅವಳು ಯೋಚನೆ ಮಾಡಿದಳು. ಬರುವುದಿಲ್ಲ ಎಂದರೆ ಫ್ಲೆಕ್ಸು ಅವಳ ಪರವಾಗಿ ಮಾತಾಡುತ್ತದೆ. ಹೋಗಿ ಜನರ ಮುಂದೆ ನಿಜ ಹೇಳಿಬಿಟ್ಟರೆ ಅಲ್ಲಿಗೆ ಮುಗಿಯಿತು. ಕಾಲೇಜಿನ ಒಂದು ಮೈಕ್ರೋಸ್ಕೋಪು, ಎರಡು ತಟ್ಟೆ ಹುಳ ತೆಗೆದುಕೊಂಡು ಹೋಗಲು ತನ್ನ ಪಿಎಚ್‌ಡಿ ಗೈಡ್ ಅವರ ಅನುಮತಿ ಕೇಳಿದಳು. ರೈತರಿಗೆ ತಿಳುವಳಿಕೆ ಕೊಡುವುದು ಒಳ್ಳೆಯದು ಎಂದು ಅವರು ಕೊಟ್ಟರು.

ಮಳವಳ್ಳಿಯ ಕಲ್ಯಾಣ ಮಂಟಪದಲ್ಲಿ ಸಭೆ. ಉದ್ಘಾಟನೆಗೆ ಒಬ್ಬರು ಮಾಜಿ ಅಧ್ಯಕ್ಷರು ಬಂದಿದ್ದರು. ಯಾವುದರ ಮಾಜಿ ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಧ್ಯಕ್ಷರೇ ಎಂದರೆ ಅವರು ತಿರುಗಿ ನೋಡುತ್ತಿದ್ದರು, ಅಷ್ಟು ಸಾಕಾಗಿತ್ತು. ಸಭೆಗೆ ಬಂದವರಿಗೆಲ್ಲ ಉಪ್ಪಿಟ್ಟು, ಕೇಸರಿಬಾತು. ಮೊದಲ ಸಾಲಿನಲ್ಲಿ ಮಂಗಳಮ್ಮ, ಮದುವೆಗೆ ಉಡುವ ಸೀರೆ ಉಟ್ಟು ಕೂತಿದ್ದಳು.

ರಂಜಿತ ಮೈಕ್ರೋಸ್ಕೋಪಿನ ಚಿತ್ರವನ್ನು ಪರದೆಯ ಮೇಲೆ ಬಿಟ್ಟಳು. ಕಣ್ಣಿಗೆ ಕಾಣದ ಹುಳಗಳು ಅಲ್ಲಿ ಕೇರೆಹಾವಿನ ಗಾತ್ರಕ್ಕೆ ಹಿಗ್ಗಿ ಹೊರಳಾಡಿದವು. ಸಭೆ ಹೋ ಎಂದಿತು. ತಟ್ಟೆಯ ಒಂದು ಬದಿಗೆ ಅವಳು ಕಾಲೇಜಿನಿಂದ ತಂದಿದ್ದ ಹೊಸ ಮಳೆಯ ವಾಸನೆಯ ಒಂದು ಹನಿ ಇಟ್ಟಳು. ಅತ್ತ ಹೊರಟಿದ್ದ ಹುಳ ನಿಂತಿತು. ತಲೆ ಆಚೆ ಈಚೆ ಆಡಿಸಿತು. ಹಿಂದಕ್ಕೆ ಸರಿದು, ತಿರುಗಿಕೊಂಡು ಹೊರಟೇಹೋಯಿತು. ಅದರ ಹಿಂದಿನದೂ ಅಷ್ಟೇ.

ಕಲ್ಯಾಣ ಮಂಟಪ ಚಪ್ಪಾಳೆಯಲ್ಲಿ ಮುಳುಗಿತು. ಸೀಟಿ ಕೂಡ ಬಿತ್ತು.

"ದಯವಿಟ್ಟು ಕೇಳಿ" ಎಂದಳು ರಂಜಿತ. "ಇದು ನಿಮ್ಮ ತೋಟದ ಹುಳ ಅಲ್ಲ. ಇದು ಬ್ಯಾಕ್ಟೀರಿಯಾ ತಿನ್ನೋ ಹುಳ, ಸಾಧು. ನಿಮ್ಮ ಹಿಪ್ಪುನೇರಳೆಗೆ ಗಂಟು ಕಟ್ಟೋ ಹುಳವೇ ಬೇರೆ. ಅದು ಈ ವಾಸನೆಗೆ ಹೆದರುತ್ತೆ ಅನ್ನೋದಕ್ಕೆ ಯಾವ ಪುರಾವೆನೂ ಇಲ್ಲ."

ಮಧ್ಯದ ಸಾಲಿನಿಂದ ಒಬ್ಬ ರೈತ ಎದ್ದು ನಿಂತ. "ಅಂದ್ರೆ ಡೋಸು ಸಾಲ್ದು ಅಂತೀರಾ ಮೇಡಂ?"

"ಡೋಸಿನ ಮಾತಲ್ಲ. ಎಷ್ಟು ಹಾಕಿದ್ರೂ..."

"ಎಷ್ಟು ಹಾಕಿದ್ರೂ ತೊಂದ್ರೆ ಇಲ್ವಂತೆ" ಎಂದು ಅವನು ಪಕ್ಕದವನಿಗೆ ಹೇಳಿ ಕೂತ.

"ಈ ಬಾಟಲಲ್ಲಿ ಬ್ಯಾಕ್ಟೀರಿಯಾ ಇಲ್ಲವೇ ಇಲ್ಲ!" ರಂಜಿತಳ ದನಿ ಏರಿತು.

"ನೋಡಿದ್ರಾ? ಒಂದು ರೋಗಾಣುನೂ ಇಲ್ಲ, ಅಷ್ಟು ಶುದ್ಧ" ಎಂದು ಮಾಜಿ ಅಧ್ಯಕ್ಷರು ಮೈಕು ತೆಗೆದುಕೊಂಡರು. ನಮ್ಮ ಮಣ್ಣಿನ ವಾಸನೆ ಬಡಿದರೆ ಶತ್ರು ನಿಲ್ಲುವುದಿಲ್ಲ, ಅದು ಈ ಜಿಲ್ಲೆಯ ರಕ್ತಗುಣ, ಈ ಹೆಣ್ಣುಮಗಳು ಅದನ್ನು ಮೆಷಿನ್ನಿನಲ್ಲಿ ತೋರಿಸಿದಳು ಅಷ್ಟೆ ಎಂದರು. ಅವಳಿಗೆ ಶಾಲು ಹೊದಿಸಿ ಹಾರ ಹಾಕಿದರು. ಹಾರದ ಸೇವಂತಿಗೆ ಅವಳ ಬಾಯಿಯವರೆಗೂ ಬಂದಿತ್ತು. ಮಂಗಳಮ್ಮ ಅಳುತ್ತಿದ್ದಳು. ಹೊರಗಿನ ಮೇಜಿನ ಮೇಲೆ ಇಟ್ಟಿದ್ದ ಬಾಟಲಿಗಳಲ್ಲಿ ಒಂದೂ ಉಳಿಯಲಿಲ್ಲ.

ಮಾರನೆಯ ವಾರ ರಂಜಿತ ಮಂಡ್ಯದ ಪತ್ರಿಕೆಯೊಂದಕ್ಕೆ, ಕೃಷಿ ಅಧಿಕಾರಿಗಳಿಗೆ ವಿವರವಾಗಿ ತಿಳಿಸಿದಳು. ಪತ್ರಿಕೆಯಲ್ಲಿ ಅವಳ ಫೋಟೋ ಮಾತ್ರ ಬಂತು. ಅಧಿಕಾರಿಗಳು ಪರಿಶೀಲಿಸುತ್ತೇವೆ ಎಂದರು. ಮಾವನ ಮೇಲೆ ನೇರವಾಗಿ ದೂರು ಕೊಡೋಣವೆಂದರೆ ಅಮ್ಮ ಫೋನಿನಲ್ಲೇ, "ಸೋದರಮಾವ ಉದ್ಧಾರ ಆದ್ರೆ ನಿಂಗೆ ಒಟ್ಟೆ ಉರಿಯಾ?" ಎಂದು ಕೇಳಿದಳು.

ಇತ್ತ ಡೋಸು ಸಾಲದು ಎಂಬ ಮಾತು ಜಯಪ್ರಕಾಶನ ಕಿವಿಯಲ್ಲಿ ಕೂತಿತ್ತು. 'ಹೊಸಮಳೆ ಗೋಲ್ಡ್ ಸೂಪರ್' ತಂದ. ಎಣ್ಣೆ ಎಷ್ಟು ಹಾಕಿದರೆ ವಾಸನೆ ಎಷ್ಟಾಗುತ್ತದೆಂದು ಅವನಿಗೆ ತಿಳಿಯುವ ಬಗೆಯಿರಲಿಲ್ಲ. ಗೋಡೌನಿನ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳತೊಡಗಿದ ಮೇಲೆ, ಈಗ ಹದ ಸರಿಯಾಗಿದೆ ಎಂದು ತೀರ್ಮಾನಿಸಿದ. ಬೇರಿಗೆ ಹಾಕಿದರೆ ಸಾಲದು, ಸೊಪ್ಪಿಗೂ ಹೊಡೆಯಿರಿ, ಮೇಲಿಂದ ಕೆಳಗೆ ಇಳಿಯಲಿ ಎಂದು ಎಲ್ಲರಿಗೂ ಹೇಳಿದ. ಅಕ್ಕನಿಗೆ ಮಾತ್ರ ಒಂದು ಕ್ಯಾನು ಪುಕ್ಕಟೆ ಕಳಿಸಿದ.

ಮಗಳ ಸಂಶೋಧನೆ, ತಮ್ಮನ ಔಷಧಿ. ಮಂಗಳಮ್ಮ ದೇವರಾಜನ ಬೆನ್ನಿಗೆ ಪಂಪು ಕಟ್ಟಿ, ತೋಟದ ಒಂದು ಗಿಡವನ್ನೂ ಬಿಡದೆ ಹೊಡೆಸಿದಳು. ದುದ್ದದ ಆ ಬೀದಿಯೆಲ್ಲ ಬಿಸಿಲಲ್ಲೇ ಮಳೆ ಬಂದಂತೆ ಘಮಗುಟ್ಟಿತು. ಪಕ್ಕದ ತೋಟದ ಮರಿಸಿದ್ದಯ್ಯ ಬದುವಿನ ಮೇಲೆ ನಿಂತು ಮೂಸಿ, "ಮಳೆ ಎಲ್ಲಮ್ಮಿ?" ಎಂದು ಆಕಾಶ ನೋಡಿದ. ಅವನು ಯಾವ ಔಷಧಿಗೂ ಕಾಸು ಬಿಚ್ಚಿದವನಲ್ಲ. ಗಿಡ ಬದುಕೋದಾದ್ರೆ ಬದುಕ್ತದೆ ಎನ್ನುವುದು ಅವನ ಕೃಷಿ.

ಹುಳುಮನೆಯಲ್ಲಿ ಆಗ ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದಿತ್ತು. ಕೊನೆಯ ಸಲ ಪೊರೆ ಬಿಟ್ಟು ಎದ್ದ ಹುಳಕ್ಕೆ ಕಾಡುವಂಥ ಹಸಿವು. ಆ ದಿನಗಳಲ್ಲಿ ಹುಳುಮನೆಗೆ ಹೋದರೆ ಹುಳ ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಸೋನೆ ಬಿದ್ದ ಹಾಗೆ ಕೇಳುತ್ತದೆ. ಮಂಗಳಮ್ಮ ಬೆಳಿಗ್ಗೆ ಹೊಸ ಸೊಪ್ಪು ಹಾಕಿ ಕಸ ಗುಡಿಸಿ ಬಂದಳು. ತಿರುಗಿ ಹೋದಾಗ ಹುಳುಮನೆ ಸದ್ದಿಲ್ಲದೆ ಬಿಮ್ಮೆಂದಿತ್ತು.

ಸೊಪ್ಪು ಹಾಕಿದ್ದು ಹಾಕಿದ ಹಾಗೇ ಇತ್ತು. ಹುಳಗಳು ತಲೆ ಎತ್ತಿ ಗಾಳಿಯಲ್ಲಿ ಆಚೆ ಈಚೆ ಆಡಿಸುತ್ತಿದ್ದವು. ಕೆಲವು ಸೊಪ್ಪಿನಿಂದ ಇಳಿದು ತಟ್ಟೆಯ ಅಂಚಿಗೆ ಹೋಗಿ ಕೂತಿದ್ದವು. ದೇವರಾಜು ಬಂದು ನೋಡಿದ. ಒಂದು ಎಲೆ ಕಿತ್ತು ಮೂಸಿದ. ಹೆಂಡತಿಯ ಮುಖ ನೋಡಿದ.

"ಮಗೀಗೆ ಫೋನ್ ಆಕು" ಎಂದ.

ರಂಜಿತ ಮೊದಲು ಸಿಕ್ಕಿದ ಬಸ್ಸಿಗೆ ಬಂದಳು. ಹುಳುಮನೆಯ ಬಾಗಿಲಲ್ಲೇ ಅವಳಿಗೆ ಗೊತ್ತಾಯಿತು. ಮಳವಳ್ಳಿಯ ಪರದೆಯ ಮೇಲೆ ಕಂಡಿದ್ದೇ ಇಲ್ಲಿ ತಟ್ಟೆ ತಟ್ಟೆಯಲ್ಲೂ ನಡೆಯುತ್ತಿತ್ತು. ತಲೆ ಎತ್ತುವುದು, ಆಡಿಸುವುದು, ತಿರುಗುವುದು. ಅವಳಿಗೆ ನಗುವೂ ಬಂತು, ಅಮ್ಮನ ಮುಖ ನೋಡಿ ತಡೆದುಕೊಂಡಳು.

"ಯಾವ ಹುಳ ಹೋಗಲಿ ಅಂತಿದ್ರೋ ಅದು ಬೇರಿನೊಳಗೆ ಆರಾಮಾಗಿದೆ ಅವ್ವ. ಯಾವುದು ತಿನ್ನಲಿ ಅಂತಿದ್ರೋ ಅದಕ್ಕೆ ಬೋರ್ಡು ಕಂಡಿದೆ."

"ಬೋಲ್ಡೂ ಬ್ಯಾಡ, ಗೀಲ್ಡೂ ಬ್ಯಾಡ. ಈಗೇನು ಮಾಡದು ಏಳು."

"ಸೊಪ್ಪು ತೊಳೆದು ನೋಡೋಣ. ಹೋಗದಿದ್ರೆ ಬೇರೆ ಸೊಪ್ಪು ತರಬೇಕು. ನಾಳೆವರೆಗೂ ಹಿಂಗೇ ಇದ್ರೆ ಹುಳ ಉಳಿಯಲ್ಲ."

ತೊಳೆದರು. ಎಣ್ಣೆಯ ವಾಸನೆ ಹೋಗಲಿಲ್ಲ. ಮಂಗಳಮ್ಮ ಆ ಒದ್ದೆ ಸೊಪ್ಪನ್ನೇ ಒಂದು ಕಂತೆ ಕಟ್ಟಿಕೊಂಡಳು. ಆಮೇಲೆ ಒಂದು ತಟ್ಟೆ ಹುಳವನ್ನು ತೆಳು ಪಂಚೆಯಿಂದ ಮುಚ್ಚಿ ತಲೆಯ ಮೇಲೆ ಇಟ್ಟುಕೊಂಡು ಬಸ್ ಸ್ಟಾಪಿಗೆ ನಡೆದಳು. ಮಗಳು ಹಿಂದೆ ಓಡಿದಳು. ಬಸ್ಸಿನಲ್ಲಿ ಕಂಡಕ್ಟರ್ ತಟ್ಟೆಗೆ ಲಗೇಜು ಎಂದ. ಮಂಗಳಮ್ಮ ಪಂಚೆ ಎತ್ತಿ ತೋರಿಸಿ, "ಉಪವಾಸ ಇರೋ ಮಕ್ಳಿಗೂ ಲಗೇಜಾ?" ಎಂದಳು. ಅವನು ಲಗೇಜು ಟಿಕೆಟ್ ಹರಿಯದೆ ಮುಂದಕ್ಕೆ ಹೋದ.

ಮದ್ದೂರಿನ ಅಂಗಡಿಯಲ್ಲಿ ಜನ ಇದ್ದರು. ಮಂಗಳಮ್ಮ ಅವರ ನಡುವೆ ಹೋಗಿ ತಟ್ಟೆಯನ್ನು ಕೌಂಟರಿನ ಮೇಲೆ, ತಮ್ಮನ ತಿಂಡಿಯ ಪಕ್ಕ ಇಟ್ಟಳು. ಜೊತೆಗೆ ತಂದಿದ್ದ ಸೊಪ್ಪನ್ನು ಹುಳದ ಮೇಲೆ ಹರಡಿದಳು. ಹುಳಗಳು ತಲೆ ಎತ್ತಿ ತಿರುಗಿಕೊಂಡವು.

ಜಯಪ್ರಕಾಶನ ನಾಲಿಗೆ ಅಭ್ಯಾಸಬಲದಿಂದ ಹೊರಳಿತು. "ನೋಡಿದ್ಯಾ ಅಕ್ಕ! ಹೆಂಗೆ ಓಡ್ತಾ ಅವೆ! ಔಸ್ದಿ ಅಂದ್ರೆ..."

ಮಾತು ಮುಗಿಯುವ ಮೊದಲೇ ಅವನಿಗೆ ಅದು ಯಾವ ಹುಳ ಎಂದು ಕಂಡಿತು.

ಮಂಗಳಮ್ಮ ಬೈಯಲಿಲ್ಲ. ಅವಳು ಬೈದಿದ್ದರೆ ಅವನಿಗೆ ಹಾಯೆನಿಸುತ್ತಿತ್ತು. "ಪ್ರಕಾಸ, ನಂಗೆ ಸೊಪ್ಪು ಕೊಡು" ಎಂದಳು. "ನಿನ್ನ ಔಸ್ದಿ ಬೀಳದೆ ಇರೋ ಸೊಪ್ಪು. ಇವತ್ತು ಸಂಜೆ ಒಳಗೆ. ಎಲ್ಲಿಂದ ತತ್ತೀಯೋ ತತ್ತಾ."

ಹಿಂದೆ ನಿಂತಿದ್ದ ಒಬ್ಬ ರೈತ ಗಂಟಲು ಸರಿಮಾಡಿಕೊಂಡ. "ನಮ್ದೂ ನೆನ್ನೆಯಿಂದ ಮೇಯ್ತಿಲ್ಲ. ಅದನ್ನೇ ಕೇಳಾವಂತ ಬಂದಿದ್ದೆ." ಇನ್ನೊಬ್ಬ, ತನ್ನ ಭಾವನ ಮನೆಯಲ್ಲೂ ಹೀಗೇ ಎಂದ. ಅಂಗಡಿಯಲ್ಲಿದ್ದವರಲ್ಲಿ ಔಷಧಿ ಕೊಳ್ಳಲು ಬಂದವರು ಯಾರೂ ಇರಲಿಲ್ಲ ಎಂದು ಜಯಪ್ರಕಾಶನಿಗೆ ಆಗ ಹೊಳೆಯಿತು.

ಔಷಧಿ ಹೊಡೆಯದವರ ತೋಟ ಎಲ್ಲೆಲ್ಲಿದೆಯೋ ಹುಡುಕಿ ಸೊಪ್ಪು ತರಿಸಿಕೊಡುವ ಭಾರ ತನ್ನದು ಎಂದು ಒಪ್ಪಿಕೊಂಡ. ಅವರ ಎದುರೇ ಯಲಿಯೂರಿನಲ್ಲಿದ್ದ ನೆಂಟರಿಗೂ, ಕಂಡವರಿಗೂ ಫೋನು ಮಾಡಿದ. ಅಂಗಡಿಯ ಬಾಗಿಲೆಳೆದು ಅಕ್ಕನ ಹಿಂದೆ ದುದ್ದಕ್ಕೆ ಹೊರಟ. ತಟ್ಟೆಯನ್ನು ದಾರಿಯುದ್ದಕ್ಕೂ ಅವನೇ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಒಂದು ಹುಳ ಅವನ ಇಸ್ತ್ರಿ ಅಂಗಿಯ ಮೇಲೆ ಹತ್ತಿ ಕಾಲರಿನ ಹತ್ತಿರ ಕೂತಿತು. ಅದನ್ನು ತೆಗೆಯುವ ಧೈರ್ಯ ಅವನಿಗಾಗಲಿಲ್ಲ.

ಹತ್ತಿರದಲ್ಲಿ ಔಷಧಿ ಬೀಳದೆ ಉಳಿದಿದ್ದದ್ದು ಮರಿಸಿದ್ದಯ್ಯನ ತೋಟ ಒಂದೇ. ಗಂಟುಬೇರು ಅವನ ತೋಟದಲ್ಲೂ ಇತ್ತು, ಆದರೆ ಸೊಪ್ಪಿಗೆ ಸೊಪ್ಪಿನ ವಾಸನೆಯೇ ಇತ್ತು. ಬದುವಿನ ಮೇಲೆ ಕೂತು ಬೀಡಿ ಸೇದುತ್ತಿದ್ದ ಮರಿಸಿದ್ದಯ್ಯ ಎಲ್ಲವನ್ನೂ ಕೇಳಿಸಿಕೊಂಡ.

"ನಮ್ಮಂಗಳವ್ವನ ಉಳ ಸಾಯಕ್ಕೆ ನಾನ್ ಬುಟ್ಟೇನಾ? ಕುಯ್ಕೊಳ್ಳಿ. ಆದ್ರೆ ಕುಯ್ಯಾದು ಇವನೇ. ಅದ್ಕೂ ಮುಂಚೆ ಒಂದ್ ಮಾತು ಏಳ್ಬೇಕು. ಆ ಬಾಟ್ಲಿ ಒಳಗೆ ಏನ್ಲಾ ಇತ್ತು?"

"ಅದು... ಒಂದು ತರ ಸೆಂಟು ನೀರು."

"ಕೇಳ್ನಿಲ್ಲ. ಈ ಕಿವಿ ಮಂದ."

"ಅತ್ತರು ನೀರು ಕಣಣ್ಣ! ಅತ್ತರು, ಸೋಪು, ನೀರು! ಇನ್ನೇನೂ ಇರ್ಲಿಲ್ಲ!" ಜಯಪ್ರಕಾಶ ಕೂಗಿದ. ರಸ್ತೆಯಲ್ಲಿ ಹೋಗುತ್ತಿದ್ದ ಎತ್ತಿನಗಾಡಿ ನಿಂತಿತು.

"ಅಂಗಾರೆ ಕುಯ್ಯಿ" ಎಂದು ಮರಿಸಿದ್ದಯ್ಯ ಕುಡುಗೋಲು ಎಸೆದ.

ಜಯಪ್ರಕಾಶ ಶಾಲೆ ಬಿಟ್ಟಮೇಲೆ ಕುಡುಗೋಲು ಹಿಡಿದಿರಲಿಲ್ಲ. ಸಂಜೆಯತನಕ ಕುಯ್ದು, ಹೊರೆ ಕಟ್ಟಿ, ಹೊತ್ತು ತಂದ. ಅಂಗೈ ಬೊಬ್ಬೆ ಎದ್ದಿತ್ತು. ರಂಜಿತ, ಮಂಗಳಮ್ಮ ಸೇರಿ ಸೊಪ್ಪು ಹರಡಿದರು. ನಾಲ್ಕೂ ಜನ ಕಾದು ನಿಂತರು. ಮೊದಲು ಒಂದು ಮೂಲೆಯ ತಟ್ಟೆಯಲ್ಲಿ ಸರಸರ ಎಂದಿತು. ಆಮೇಲೆ ಅದರ ಪಕ್ಕದ್ದು. ಕತ್ತಲಾಗುವಷ್ಟರಲ್ಲಿ ಹುಳುಮನೆಯ ತುಂಬ ಸೋನೆಯ ಸದ್ದು. ಮಂಗಳಮ್ಮ ಸೆರಗಲ್ಲಿ ಮೂಗೊರೆಸಿಕೊಂಡು ಮುದ್ದೆಗೆ ಎಸರಿಡಲು ಹೋದಳು.

ಅಲ್ಲಲ್ಲಿ ಸ್ವಲ್ಪ ಹುಳ ಸತ್ತಿತು, ಉಳಿದದ್ದು ತಡವಾಗಿ ಹಣ್ಣಾಗಿ ಗೂಡು ಕಟ್ಟಿತು. ಗೂಡು ಸಣ್ಣದಾದರೂ ಬೆಳೆ ಪೂರಾ ಕೈಬಿಡಲಿಲ್ಲ. ಊರೂರಿಂದ ಬಾಟಲಿಗಳು ವಾಪಸು ಬಂದವು. ಮಳವಳ್ಳಿಯ ಮಾಜಿ ಅಧ್ಯಕ್ಷರು, ಆ ದಿನ ವೇದಿಕೆಯಲ್ಲೇ ತಮಗೆ ಅನುಮಾನವಿತ್ತೆಂದೂ, ಅದನ್ನು ಸೂಚ್ಯವಾಗಿ ಹೇಳಿದ್ದಾಗಿಯೂ ತಿಳಿಸಿದರು. ಗೌರಿ ಹಬ್ಬಕ್ಕೆ ಜಯಪ್ರಕಾಶ ಬಾಗಿನ ತಂದಾಗ ಮಂಗಳಮ್ಮ ಮೇಲಿನ ಮೊರ ಎತ್ತಿ, ಮೂಸಿ ನೋಡಿ, ಆಮೇಲೆ ಅವನನ್ನು ಒಳಗೆ ಬಿಟ್ಟುಕೊಂಡಳು.

ಉಳಿದ ಔಷಧಿಯಲ್ಲಿ ಮೊದಲಿನ ನೀರು ನೀರಾದದ್ದನ್ನೆಲ್ಲ ಜಯಪ್ರಕಾಶ ಗೋಡೌನಿನ ಹಿಂದಿನ ಖಾಲಿ ಜಾಗದಲ್ಲಿ ಗುಂಡಿ ತೋಡಿ ಸುರಿದಿದ್ದ. ಕೆಲವು ದಿನದ ಮೇಲೆ ಅವನೇ ರಂಜಿತಳಿಗೆ ಫೋನು ಮಾಡಿದ. ಆ ಜಾಗದಲ್ಲಿ ಏನೋ ಸಾಸಿವೆ ಕಾಳಿಗಿಂತ ಸಣ್ಣವು ಚಿಮ್ಮುತ್ತಿವೆ, ಹಿಂದೆ ಕಂಡಿರಲಿಲ್ಲ, ಬಂದು ನೋಡು ಎಂದ. ಬಂದು ನೋಡಿದ ಅವಳು ನೆಲದ ಮೇಲೆ ಮೊಣಕಾಲೂರಿಬಿಟ್ಟಳು.

"ಚಿಮ್ಮುಹುಳ ಮಾವ! ಇವು ಅದೇ ಬ್ಯಾಕ್ಟೀರಿಯಾನ ತಿಂದು ಅರಗಿಸಿಕೊಳ್ತವೆ. ಮೈಗೆ ಅಂಟಿದ ಅದರ ಬೀಜಾನ ಬೇರೆ ಕಡೆಗೂ ಹೊತ್ಕೊಂಡು ಹೋಗ್ತವೆ. ಎಲ್ಲರನ್ನೂ ಓಡಿಸೋ ವಾಸನೆ ಇವನ್ನ ಮಾತ್ರ ಊಟಕ್ಕೆ ಕರೆದಂಗೆ. ಪುಸ್ತಕದಲ್ಲಿ ಓದಿದ್ದೆ, ಇಷ್ಟೊಂದು ಯಾವತ್ತೂ ಕಂಡಿರಲಿಲ್ಲ."

ಇವುಗಳಿಂದ ಯಾವ ಬೆಳೆಗೆ ಲಾಭ ಎಂದು ಜಯಪ್ರಕಾಶ ಕೇಳಲಿಲ್ಲ. ಕೇಳಬೇಕೆನಿಸಿತು, ಬಾಯಿ ತೆರೆದೂ ಇದ್ದ, ಮುಚ್ಚಿಕೊಂಡ. ಅವಳು ಒದ್ದೆ ಕುಂಚದ ತುದಿಯಿಂದ ಒಂದೊಂದೇ ಚಿಮ್ಮುಹುಳವನ್ನು ಎತ್ತಿ ಸೀಸೆಗೆ ಹಾಕತೊಡಗಿದಳು. ಅಷ್ಟರಲ್ಲಿ ಮುಂದಿನಿಂದ ಯಾರೋ ಕರೆದರು. ಮಳವಳ್ಳಿ ಕಡೆಯ ರೈತ, ಸಭೆಗೆ ಬಂದಿದ್ದವನು.

"ಒಸಮಳೆ ಗೋಲ್ಡು ಎರಡು ಕೊಡಪ್ಪ."

"ಇಲ್ಲ ಕಣಣ್ಣ, ನಿಲ್ಸಿಬಿಟ್ಟೆ. ಅದು ಬರೀ ಅತ್ತರು ನೀರು. ಅದ್ರಲ್ಲಿ ಏನೂ ಇರ್ಲಿಲ್ಲ."

ರೈತ ಅವನನ್ನು ಮೇಲಿಂದ ಕೆಳಗೆ ನೋಡಿದ. "ಬೇಕಾದೋರಿಗೆ ಮಾತ್ರ ಎತ್ತಿಟ್ಕೊಂಡಿದ್ದೀಯ, ಅಲ್ವಾ?"

"ಅಯ್ಯೋ ದೇವರಾಣೆ ಇಲ್ಲ. ಅದರಿಂದ ಉಳ ಸೊಪ್ಪು ಬಿಟ್ಟವೆ, ಕೇಳ್ನಿಲ್ವಾ ನೀನು?"

"ಕೇಳ್ದೆ. ಅಷ್ಟು ಪವರ್ ಇರೋದನ್ನ ಏನೂ ಇಲ್ಲ ಅಂತೀಯಲ್ಲ. ನಾವೇನು ದಡ್ಡರಾ? ಆ ಹುಡುಗಿ ಪರದೆ ಮೇಲೆ ತೋರ್ಸಿದ್ದು ನಾನೇ ನೋಡಿವ್ನಿ. ನಿಮ್ಮ ಮದ್ದೂರೋರಿಗೆ ಮಾತ್ರ ಕೊಡ್ತೀರಾ, ಮಳವಳ್ಳಿಯೋರು ಅಂದ್ರೆ ಅಸಡ್ಡೆ."

"ಅಣ್ಣ, ನಿನ್ನ ಕಾಲಿಗೆ ಬೀಳ್ತೀನಿ, ಅದರೊಳಗೆ ಏನೂ ಇರ್ಲಿಲ್ಲ!"

"ಬುಡಪ್ಪ, ಬುಡು. ಗೊತ್ತಾಯ್ತು" ಎಂದು ರೈತ ಚಪ್ಪಲಿ ಸದ್ದು ಮಾಡಿಕೊಂಡು ಹೊರಟುಹೋದ.

ಹಿಂದಿನ ಜಾಗದಲ್ಲಿ ಮೊಣಕಾಲೂರಿದ್ದ ರಂಜಿತಳಿಗೆ ಎಲ್ಲ ಕೇಳಿಸಿತ್ತು. ಅವಳು ನಗದಿರಲು ನೋಡಿದಳು, ಆಗಲಿಲ್ಲ. ಸೀಸೆ ವಾಲಿತು, ಹಿಡಿದಿದ್ದ ಚಿಮ್ಮುಹುಳಗಳೆಲ್ಲ ಒಂದೇ ನೆಗೆತಕ್ಕೆ ಹುಲ್ಲಿನೊಳಗೆ ಸೇರಿಕೊಂಡವು. ಅವಳು ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಹಿಡಿಯಲು ಶುರುಮಾಡಿದಳು.